ಸಂಬಳ ಕೇಳಿದಿರಿ, ಕುರ್ಚಿ ಕೇಳಿದಿರಾ?

ಅಂತಿಮ ವರ್ಷದ ವಿದ್ಯಾರ್ಥಿಗಳಿರುವ ಮನೆಗಳಲ್ಲಿ ಕ್ಯಾಂಪಸ್ ಸಂದರ್ಶನದ ಕಾಲ ಬಂತೆಂದರೆ ನಡೆಯುವ ಮಾತುಕತೆ ಹೆಚ್ಚು ಕಡಿಮೆ ಎಲ್ಲ ಕಡೆಯೂ ಒಂದೇ. ಸಂಬಳ ಎಷ್ಟು? ಬಾಂಡ್ ಬರೆದುಕೊಡಬೇಕೆ? ಬೆಂಗಳೂರಿನಲ್ಲೋ, ಪುಣೆಯಲ್ಲೋ? ಹುಡುಗಿಯಾದರೆ ರಾತ್ರಿ ಪಾಳಿ ಇದೆಯೇ, ಮನೆಯವರೆಗೆ ವಾಹನ ಬರುತ್ತದೆಯೇ? ಈ ಪ್ರಶ್ನೆಗಳೆಲ್ಲ ಸರಿಯೇ, ಕೇಳಲೇಬೇಕಾದವು. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಪಾಲಕರೂ ಕೇಳುವುದಿಲ್ಲ, ವಿದ್ಯಾರ್ಥಿಗಳೂ ಕೇಳುವುದಿಲ್ಲ. ಈ ಕೆಲಸವನ್ನು ಹತ್ತು ವರ್ಷ ಮಾಡಿದ ಮೇಲೆ ನಮ್ಮ ಹುಡುಗನ ಅಥವಾ ಹುಡುಗಿಯ ಬೆನ್ನು, ಕಣ್ಣು, ಹೃದಯ, ನಿದ್ದೆ ಯಾವ ಸ್ಥಿತಿಯಲ್ಲಿರುತ್ತವೆ?

ಕೇಳದಿರುವುದಕ್ಕೆ ಕಾರಣವಿದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ನಮಗೊಂದು ದೇಹವಿದೆ ಎಂಬುದೇ ಮರೆತಿರುತ್ತದೆ. ಅಪ್ಪ ಅಮ್ಮಂದಿರಿಗೆ ಕೆಲಸ ಸಿಕ್ಕಿತಲ್ಲ ಎಂಬ ನೆಮ್ಮದಿ. ಮೇಲಾಗಿ, ಕೇಳುವ ಮೊದಲೇ ಕಂಪೆನಿಗಳು ಉತ್ತರ ಕೊಟ್ಟುಬಿಟ್ಟಿರುತ್ತವೆ. ದೊಡ್ಡ ಸಂಸ್ಥೆಗಳು ಹೊಸಬರಿಗೆ ಕೊಡುವ ಬಣ್ಣದ ಪುಸ್ತಿಕೆಯನ್ನು ತೆರೆದು ನೋಡಿ. ಜಿಮ್ ಇದೆ, ವಾರಕ್ಕೊಮ್ಮೆ ಯೋಗ ತರಗತಿ ಇದೆ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಇದೆ, ದಿನಕ್ಕೆಷ್ಟು ಹೆಜ್ಜೆ ನಡೆದಿರೆಂದು ಎಣಿಸುವ ಆ್ಯಪ್ ಇದೆ, ಜೊತೆಗೆ ‘ವೆಲ್‌ನೆಸ್ ಸಪ್ತಾಹ’ವೂ ಇದೆ. ಇಷ್ಟೆಲ್ಲ ಇರುವಾಗ ಇನ್ನೇನು ಚಿಂತೆ ಎಂದುಕೊಳ್ಳುತ್ತೇವೆ. ಹಾಗೆ ನಿಶ್ಚಿಂತರಾಗಬಹುದೇ ಎಂಬುದನ್ನು ಈ ವಾರ ಸ್ವಲ್ಪ ಕೆದಕಿ ನೋಡೋಣ.

ಈ ಪ್ರಶ್ನೆಯ ಬೇರು ಬಹಳ ಹಳೆಯದು. ಇಟಲಿಯ ಮೊದೆನಾ ಪಟ್ಟಣದಲ್ಲಿ ಬರ್ನಾರ್ಡಿನೊ ರಮಾಜಿನಿ ಎಂಬ ವೈದ್ಯನಿದ್ದ. ಹುಟ್ಟಿದ್ದು 1633ರಲ್ಲಿ. ಅವನ ಮನೆಯ ಮಲದ ಗುಂಡಿಯನ್ನು ಶುಚಿ ಮಾಡಲು ಬಂದವನೊಬ್ಬ ವಿಪರೀತ ಅವಸರದಲ್ಲಿ ಕೆಲಸ ಮಾಡುತ್ತಿದ್ದ. ಸ್ವಲ್ಪ ನಿಧಾನವಾಗಿ ಮಾಡಬಾರದೇ ಎಂದು ವೈದ್ಯ ಕೇಳಿದ. ಈ ಗುಂಡಿಯೊಳಗೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇರುವುದೆಂದರೆ ಏನೆಂದು ಮಾಡಿದವರಿಗೇ ಗೊತ್ತು, ಕಣ್ಣೇ ಹೋಗುತ್ತದೆ ಎಂಬ ಅರ್ಥದ ಉತ್ತರ ಬಂತು. ರಮಾಜಿನಿ ಅವನ ಕಣ್ಣುಗಳನ್ನು ಪರೀಕ್ಷಿಸಿದ, ಕೆಂಪಗೆ ಉರಿದುಕೊಂಡಿದ್ದವು. ಅಲ್ಲಿಂದ ಅವನು ಕುಂಬಾರರ, ಗಣಿಗಾರರ, ಅಗಸಗಿತ್ತಿಯರ, ಸೂಲಗಿತ್ತಿಯರ ಹಿಂದೆ ಬಿದ್ದ. 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದ, 1713ರಲ್ಲಿ ಅದನ್ನು ವಿಸ್ತರಿಸಿದ. ರೋಗಿಗೆ ವೈದ್ಯರು ಹಿಂದಿನಿಂದ ಕೇಳುತ್ತ ಬಂದಿದ್ದ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನೂ ಕೇಳಬೇಕೆಂದ: ನೀನು ಏನು ಕೆಲಸ ಮಾಡುತ್ತೀಯೆ?

ಆ ಪುಸ್ತಕದಲ್ಲಿ ಗುಮಾಸ್ತರ ಬಗ್ಗೆಯೂ ಒಂದು ಭಾಗವಿದೆ. ಅವರ ಕಾಯಿಲೆಗಳಿಗೆ ಅವನು ಕೊಟ್ಟ ಕಾರಣ ಮೂರು. ಸದಾ ಕೂತೇ ಇರುವುದು, ಕೈ ಒಂದೇ ರೀತಿಯಲ್ಲಿ ಎಡೆಬಿಡದೆ ಚಲಿಸುವುದು, ಲೆಕ್ಕ ತಪ್ಪೀತೆಂದು ಮನಸ್ಸು ಯಾವಾಗಲೂ ಬಿಗಿದುಕೊಂಡಿರುವುದು. ಮುನ್ನೂರು ವರ್ಷದ ಹಿಂದೆ ಹಕ್ಕಿಗರಿಯ ಲೇಖನಿ ಹಿಡಿದವರನ್ನು ನೋಡಿ ಬರೆದದ್ದು, ಇಂದು ಕೀಬೋರ್ಡಿನ ಮುಂದೆ ಕೂತವರನ್ನು ನೋಡಿ ಬರೆದಂತಿದೆ ಅಲ್ಲವೇ?

ಇನ್ನು ಲಂಡನ್ನಿನ ಬಸ್ಸುಗಳಿಗೆ ಬರೋಣ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಹೃದಯಾಘಾತದ ಸಾವುಗಳು ಏರುತ್ತಿದ್ದವು. ಕಾರಣ ಗೊತ್ತಿರಲಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯ ಮತ್ತು ಅವರ ಸಂಗಡಿಗರು ಲಂಡನ್ ಸಾರಿಗೆ ಸಂಸ್ಥೆಯ ಸುಮಾರು 31,000 ಗಂಡಸರ ದಾಖಲೆಗಳನ್ನು ಹಿಡಿದು ಕೂತರು. ಅಲ್ಲಿ ಓಡುತ್ತಿದ್ದವು ಡಬಲ್ ಡೆಕರ್ ಬಸ್ಸುಗಳು. ಅಂಥವು ಬೆಂಗಳೂರಿನಲ್ಲೂ ಓಡುತ್ತಿದ್ದುದು ಪಾಲಕರಲ್ಲಿ ಕೆಲವರಿಗೆ ನೆನಪಿದ್ದೀತು. ಡ್ರೈವರು ಮುಂದಿನ ಗೂಡಿನಲ್ಲಿ ಪಾಳಿ ಪೂರ್ತಿ ಕೂತಿರುತ್ತಾನೆ. ಕಂಡಕ್ಟರು ಟಿಕೆಟ್ ಕೊಡಲು ಮಹಡಿ ಹತ್ತುತ್ತಾನೆ, ಇಳಿಯುತ್ತಾನೆ, ಮತ್ತೆ ಹತ್ತುತ್ತಾನೆ. ದಿನಕ್ಕೆ 500ರಿಂದ 750 ಮೆಟ್ಟಿಲು. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಊರಿನಲ್ಲಿ, ಒಂದೇ ಬಗೆಯ ಬದುಕು ನಡೆಸುವವರು.

ಲೆಕ್ಕ ಹಾಕಿದಾಗ ಹೃದಯ ಕಾಯಿಲೆ ಡ್ರೈವರುಗಳಲ್ಲಿ ಹೆಚ್ಚಾಗಿಯೂ ಕಂಡಕ್ಟರುಗಳಲ್ಲಿ ಸ್ಪಷ್ಟವಾಗಿ ಕಡಿಮೆಯಾಗಿಯೂ ಕಂಡಿತು. ಕಂಡಕ್ಟರುಗಳಿಗೆ ಬಂದರೂ ತಡವಾಗಿ ಬರುತ್ತಿತ್ತು, ಬಂದಾಗ ಅಷ್ಟು ಮಾರಕವಾಗಿರುತ್ತಿರಲಿಲ್ಲ. ಅಂಚೆ ಇಲಾಖೆಯಲ್ಲಿ ನೋಡಿದರೆ ಅಲ್ಲಿಯೂ ಅದೇ ಕತೆ. ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ ಓಡಾಡುವ ಪೋಸ್ಟ್‌ಮನ್‌ಗಳ ಹೃದಯ ಕಚೇರಿಯ ಗುಮಾಸ್ತರ ಹೃದಯಕ್ಕಿಂತ ಗಟ್ಟಿ. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ನಡಿಗೆ, ವ್ಯಾಯಾಮ, ಹೃದಯ ಎಂದು ಇಂದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಬಂಧಕ್ಕೆ ಸಿಕ್ಕ ಮೊದಲ ದೊಡ್ಡ ಪುರಾವೆ ಇದು.

ಆದರೆ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಮಾರಿಸ್ ಇದಾದ ಮೇಲೆ ಮಾಡಿದ ಕೆಲಸ. ತಮ್ಮ ತೀರ್ಮಾನವನ್ನು ತಾವೇ ಅನುಮಾನಿಸಿದರು. ಡ್ರೈವರಾಗಲು ಬರುವವರೇ ಬೇರೆ ಬಗೆಯ ಜನ ಆಗಿದ್ದರೆ? ಇದನ್ನು ತಿಳಿಯಲು ಅವರು ಹುಡುಕಿದ್ದು ಸಂಸ್ಥೆ ನೌಕರರಿಗೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ಅಳತೆಗಳನ್ನು! ಪ್ಯಾಂಟಿನ ಸೊಂಟದ ಅಳತೆ ನೋಡಿದರೆ, ಆಗಷ್ಟೇ ಕೆಲಸಕ್ಕೆ ಸೇರಿದ ತರುಣರಲ್ಲೂ ಡ್ರೈವರುಗಳ ಸೊಂಟ ಕಂಡಕ್ಟರುಗಳದ್ದಕ್ಕಿಂತ ದಪ್ಪ. ಅಂದರೆ ವ್ಯತ್ಯಾಸದ ಒಂದು ಪಾಲು ಕೆಲಸಕ್ಕೆ ಮೊದಲೇ ಇತ್ತು. 1956ರಲ್ಲಿ ಇದನ್ನೂ ಅವರು ಮುಚ್ಚಿಡದೆ ಪ್ರಕಟಿಸಿದರು. ದೇಹದ ಗಾತ್ರದ ಲೆಕ್ಕವನ್ನು ಬದಿಗಿಟ್ಟ ಮೇಲೂ ಕಂಡಕ್ಟರುಗಳ ಪರವಾದ ಅಂತರ ಪೂರ್ತಿ ಅಳಿಸಿಹೋಗಲಿಲ್ಲ ಎಂಬುದು ಬೇರೆ ಮಾತು. (ಮಾರಿಸ್ ತಮ್ಮ ಮಾತನ್ನು ತಾವು ನಂಬಿದವರು. ವಯಸ್ಸಾದ ಮೇಲೂ ವ್ಯಾಯಾಮ ಬಿಡಲಿಲ್ಲ, 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.)

ಸೊಂಟದ ಅಳತೆಯ ಈ ಪಾಠವನ್ನು ನೆನಪಿನಲ್ಲಿಟ್ಟುಕೊಂಡು ಕಂಪೆನಿಗಳ ಬಣ್ಣದ ಪುಸ್ತಿಕೆಗೆ ಮರಳೋಣ. ನಮ್ಮ ಜಿಮ್‌ಗೆ ಬರುವ ನೌಕರರು ರಜೆ ಹಾಕುವುದು ಕಡಿಮೆ, ಅವರ ಆಸ್ಪತ್ರೆ ಖರ್ಚು ಕಡಿಮೆ, ಆದ್ದರಿಂದ ನಮ್ಮ ಆರೋಗ್ಯ ಕಾರ್ಯಕ್ರಮ ಯಶಸ್ವಿ ಎಂದು ಸಂಸ್ಥೆಗಳು ಹೇಳಿಕೊಳ್ಳುತ್ತವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2016ರಲ್ಲಿ ತಮ್ಮ ವಿಶ್ವವಿದ್ಯಾಲಯದಲ್ಲೇ ಇದನ್ನು ಪರೀಕ್ಷೆಗೆ ಒಡ್ಡಿದರು. ಒಪ್ಪಿಗೆ ಕೊಟ್ಟ ಸುಮಾರು 4,800 ನೌಕರರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಪಾಸಣೆ, ವ್ಯಾಯಾಮ ತರಗತಿ, ಧೂಮಪಾನ ಬಿಡಿಸುವ ತರಬೇತಿ, ಭಾಗವಹಿಸಿದ್ದಕ್ಕೆ ಬಹುಮಾನದ ಹಣ ಎಲ್ಲವೂ ಉಂಟು. ಇನ್ನೊಂದು ಗುಂಪಿಗೆ ಏನೂ ಇಲ್ಲ. ಎರಡೂ ಗುಂಪನ್ನು ಹೋಲಿಸಿದಾಗ ವೈದ್ಯಕೀಯ ಖರ್ಚಿನಲ್ಲಾಗಲಿ, ಅನಾರೋಗ್ಯದ ರಜೆಯಲ್ಲಾಗಲಿ, ಜಿಮ್‌ಗೆ ಹೋಗುವ ಅಭ್ಯಾಸದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಸ್ವಂತ ಇಷ್ಟದಿಂದ ಕಾರ್ಯಕ್ರಮಕ್ಕೆ ಬಂದವರು ಮತ್ತು ಬಾರದವರನ್ನು ಹೋಲಿಸಿದರೆ ಅಂತರ ಎದ್ದು ಕಾಣುತ್ತಿತ್ತು. ಏಕೆಂದರೆ ಬಂದವರು ಮೊದಲಿನಿಂದಲೂ ಆರೋಗ್ಯವಂತರು. ಮಾರಿಸ್ ಅವರ ಪ್ಯಾಂಟಿನ ಕತೆಯೇ ಮತ್ತೆ!

ವಿಶ್ವವಿದ್ಯಾಲಯದ ನೌಕರರು ಓದಿದವರು, ಹೇಗೂ ಆರೋಗ್ಯದ ಅರಿವಿದ್ದವರು, ಅದಕ್ಕೇ ಹೀಗಾಯಿತು ಎನ್ನಬಹುದು. ಬಿಜೆಸ್ ಹೋಲ್‌ಸೇಲ್ ಕ್ಲಬ್ ಎಂಬ ಅಮೆರಿಕದ ಅಂಗಡಿ ಸರಣಿಯ ಸುಮಾರು 33,000 ನೌಕರರ ಮೇಲೆ ನಡೆದ ಇನ್ನೊಂದು ಪರೀಕ್ಷೆಯ ಫಲಿತಾಂಶವೂ 2019ರಲ್ಲಿ ಬಂತು. ಕಾರ್ಯಕ್ರಮವಿದ್ದ ಅಂಗಡಿಗಳ ನೌಕರರಲ್ಲಿ ವ್ಯಾಯಾಮ ಮಾಡುತ್ತೇವೆ, ತೂಕದ ಬಗ್ಗೆ ಎಚ್ಚರ ವಹಿಸುತ್ತೇವೆ ಎಂದು ಹೇಳಿದವರು ಹೆಚ್ಚಾದರು. ರಕ್ತದೊತ್ತಡ, ಕೊಲೆಸ್ಟ್ರಾಲ್, ತೂಕ ಅಳೆದು ನೋಡಿದರೆ ಮಾತ್ರ ಒಂದೂವರೆ ವರ್ಷದ ನಂತರವೂ ವ್ಯತ್ಯಾಸವಿಲ್ಲ.

ಹಾಗೆಂದು ಯೋಗ ತರಗತಿ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಯೋಗ ಒಳ್ಳೆಯದೇ. ಸಂಜೆ ಆರಕ್ಕೆ ಯೋಗ ತರಗತಿ ಇಟ್ಟು, ಆರೂ ಕಾಲಿಗೆ ಮೀಟಿಂಗ್ ಕರೆಯುವ ಕಚೇರಿಯಲ್ಲಿ ಅದರಿಂದ ಏನು ಉಪಯೋಗ ಎಂಬುದಷ್ಟೇ ಪ್ರಶ್ನೆ. ಕೆಲಸ ಹೇಗಿದೆಯೋ ಹಾಗೇ ಬಿಟ್ಟು, ಕೆಲಸಗಾರನನ್ನು ಮಾತ್ರ ರಿಪೇರಿ ಮಾಡುತ್ತೇನೆ ಎಂಬ ಧೋರಣೆಯಲ್ಲೇ ಎಲ್ಲೋ ಎಡವಟ್ಟಿದೆ.

ಹಾಗಾದರೆ ಆರೋಗ್ಯವನ್ನು ಕೆಡಿಸುವುದು ಯಾವುದು? ಇದಕ್ಕೆ ಉತ್ತರವೂ ಲಂಡನ್ನಿನಿಂದಲೇ ಬಂತು, ಈ ಬಾರಿ ಬಸ್ಸುಗಳಿಂದಲ್ಲ, ಸರ್ಕಾರಿ ಕಚೇರಿಗಳಿಂದ. ವೈಟ್‌ಹಾಲ್ ಎಂದರೆ ಅಲ್ಲಿನ ವಿಧಾನಸೌಧ ಎಂದಿಟ್ಟುಕೊಳ್ಳಿ. 1967ರಲ್ಲಿ ಅಲ್ಲಿನ ಸುಮಾರು 18,000 ಪುರುಷ ನೌಕರರ ಅಧ್ಯಯನ ಆರಂಭವಾಯಿತು. ಮೇಲಧಿಕಾರಿಗಳಿಗೆ ಒತ್ತಡ ಹೆಚ್ಚು, ಆದ್ದರಿಂದ ಹೃದಯಾಘಾತ ಅವರಿಗೇ ಹೆಚ್ಚು ಎಂಬುದು ಆಗಿನ ಜನಜನಿತ ನಂಬಿಕೆ. ನಮ್ಮಲ್ಲೂ ದೊಡ್ಡ ಸಾಹೇಬರಿಗೆ ಬಿ.ಪಿ. ಇರುವುದೇ ದೊಡ್ಡಸ್ತಿಕೆಯ ಗುರುತು ಎಂಬಂತೆ ಮಾತಾಡುತ್ತಾರೆ. ಫಲಿತಾಂಶ ತದ್ವಿರುದ್ಧ. ಅತ್ಯಂತ ಕೆಳ ದರ್ಜೆಯ ನೌಕರರು ಹೃದಯ ಕಾಯಿಲೆಯಿಂದ ಸಾಯುವ ಪ್ರಮಾಣ ಅತಿ ಮೇಲಿನ ದರ್ಜೆಯವರಿಗಿಂತ ಮೂರು ಪಟ್ಟಿಗೂ ಹೆಚ್ಚು. ಅಷ್ಟೇ ಆಗಿದ್ದರೆ ಬಡತನ ಎಂದು ಸುಮ್ಮನಾಗಬಹುದಿತ್ತು. ಆದರೆ ನಡುವಿನ ಪ್ರತಿ ಮೆಟ್ಟಿಲಲ್ಲೂ ಅಂತರವಿತ್ತು. ಎರಡನೆಯ ಮೆಟ್ಟಿಲಿನ ಅಧಿಕಾರಿ, ಯಾವುದಕ್ಕೂ ಕೊರತೆಯಿಲ್ಲದವನು, ಅವನಿಗೂ ಮೊದಲನೆಯ ಮೆಟ್ಟಿಲಿನವನಿಗಿಂತ ಅಪಾಯ ಹೆಚ್ಚು. ಸಿಗರೇಟು, ಕೊಬ್ಬು, ರಕ್ತದೊತ್ತಡ ಎಲ್ಲ ಸೇರಿಸಿದರೂ ಈ ಅಂತರದ ಅರ್ಧಕ್ಕಿಂತ ಕಡಿಮೆ ಭಾಗಕ್ಕೆ ಮಾತ್ರ ವಿವರಣೆ ಸಿಕ್ಕಿತು.

ಉಳಿದದ್ದು ಎಲ್ಲಿಂದ ಬಂತು ಎಂದು ಹುಡುಕಲು ಮೈಕೆಲ್ ಮಾರ್ಮಟ್ ನೇತೃತ್ವದಲ್ಲಿ 1985ರಲ್ಲಿ ಎರಡನೆಯ ಅಧ್ಯಯನ ಶುರುವಾಯಿತು. ಈ ಸಲ ಹೆಂಗಸರೂ ಸೇರಿ 10,308 ಮಂದಿ. ಅದರಿಂದ ಹೊರಬಿದ್ದ ಮುಖ್ಯ ಸಂಗತಿಗಳಲ್ಲಿ ಒಂದು ಇದು: ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದವರಲ್ಲಿ ಹೃದಯ ಕಾಯಿಲೆ ಹೆಚ್ಚು. ಹಿಡಿತ ಎಂದರೆ ಅಧಿಕಾರವಲ್ಲ. ಯಾವ ಕೆಲಸವನ್ನು ಮೊದಲು ಮಾಡಬೇಕು, ಹೇಗೆ ಮಾಡಬೇಕು, ಯಾವಾಗ ಎದ್ದು ಒಂದು ಲೋಟ ನೀರು ಕುಡಿಯಬೇಕು ಎಂಬ ಸಣ್ಣ ಸಣ್ಣ ನಿರ್ಧಾರಗಳು ತನ್ನ ಕೈಯಲ್ಲಿರುವುದು. ದಿನಕ್ಕೆ ನೂರು ಕಾಗದ ನೋಡುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬಳು ತನಗೆ ಬೇಕಾದ ಕ್ರಮದಲ್ಲಿ ನೋಡುತ್ತಾಳೆ, ಅರ್ಥವಾಗದಿದ್ದರೆ ಪಕ್ಕದವಳನ್ನು ಕೇಳುತ್ತಾಳೆ. ಇನ್ನೊಬ್ಬಳ ಮುಂದೆ ಪರದೆಯ ಮೇಲೆ ಒಂದಾದ ಮೇಲೊಂದು ಬಂದು ಬೀಳುತ್ತದೆ, ಒಂದೊಂದಕ್ಕೂ ಸೆಕೆಂಡಿನ ಲೆಕ್ಕವಿದೆ, ಮಾತಾಡಿದರೆ ಟಿಪ್ಪಣಿ ಬೀಳುತ್ತದೆ. ದುಡಿಮೆ ಒಂದೇ. ಸುಸ್ತು ಬೇರೆ ಬೇರೆ. ಬೇಡಿಕೆ ಹೆಚ್ಚು, ಹಿಡಿತ ಕಡಿಮೆ ಇರುವ ಕೆಲಸವೇ ಅತ್ಯಂತ ದಣಿಸುವುದು ಎಂದು ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲೇ ಹೇಳಿದ್ದರು.

ಇದರ ಜೊತೆ ಸೇರುವುದು ಗಂಟೆಗಳ ಲೆಕ್ಕ. 2023ರ ಅಕ್ಟೋಬರಿನಲ್ಲಿ ಇನ್ಫೊಸಿಸ್ ಸಂಸ್ಥಾಪಕರಲ್ಲಿ ಒಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ಎದ್ದ ಚರ್ಚೆ ವಿದ್ಯಾರ್ಥಿಗಳಿಗೆ ನೆನಪಿರಬೇಕು. ದೇಶಕ್ಕಾಗಿ ದುಡಿಯಬೇಕೆಂಬ ಅವರ ಕಳಕಳಿಯನ್ನು ನಾನು ಸಂಶಯಿಸುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಪ್ರಕಟಿಸಿದ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು, ಹೃದಯ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 7,45,000 ಸಾವುಗಳಿಗೆ ದೀರ್ಘ ದುಡಿಮೆ ಕಾರಣವೆಂದು ಆ ವರದಿ ಅಂದಾಜು ಮಾಡಿತು. ಈ ಸಾವುಗಳಲ್ಲಿ ಹೆಚ್ಚಿನವು ಅರವತ್ತು ದಾಟಿದವರದು; ಅವರು ಹಾಗೆ ದುಡಿದದ್ದು ಅದಕ್ಕೂ ಮೊದಲಿನ ವರ್ಷಗಳಲ್ಲಿ. ಇಪ್ಪತ್ತೈದರಲ್ಲಿ ಏನೂ ಆಗುವುದಿಲ್ಲ ಎಂಬ ಧೈರ್ಯಕ್ಕೆ ಇದು ಉತ್ತರ. ಸಾಲದ ಕಂತು ತಡವಾಗಿ ಶುರುವಾಗುತ್ತದೆ, ಅಷ್ಟೆ.

‘ಸಂಸ್ಥೆಯ ಸಂಸ್ಕೃತಿ’ ಎಂಬ ಮಾತನ್ನು ಈಗ ಎಲ್ಲರೂ ಬಳಸುತ್ತಾರೆ. ಅದು ಹೇಗಿರುತ್ತದೆ ಎಂದು ಕೇಳಿದರೆ ನನಗೆ ಹೊಳೆಯುವುದು ಅಮೆರಿಕದ ಅಲ್ಯೂಮಿನಿಯಂ ಕಂಪೆನಿ ಅಲ್ಕೋವಾ. 1987ರಲ್ಲಿ ಅದರ ಮುಖ್ಯಸ್ಥರಾಗಿ ಬಂದ ಪಾಲ್ ಓನೀಲ್ ಮೊದಲ ಸಭೆಯಲ್ಲಿ ಹೂಡಿಕೆದಾರರಿಗೆ ಲಾಭದ ಮಾತಾಡಲಿಲ್ಲ. ಕಾರ್ಮಿಕರ ಸುರಕ್ಷತೆಯೇ ನನ್ನ ಮೊದಲ ಕೆಲಸ ಎಂದರು. ಮನುಷ್ಯ ಹದಗೆಟ್ಟಿದ್ದಾನೆ ಎಂದುಕೊಂಡು ಷೇರು ಮಾರಿದವರಿದ್ದಾರಂತೆ! ಕೆಲವು ತಿಂಗಳ ನಂತರ ಅರಿಜೋನಾದ ಕಾರ್ಖಾನೆಯೊಂದರಲ್ಲಿ, ಕೆಲಸಕ್ಕೆ ಹೊಸದಾಗಿ ಸೇರಿದ್ದ ತರುಣನೊಬ್ಬ ಸಿಕ್ಕಿಹಾಕಿಕೊಂಡ ಯಂತ್ರವನ್ನು ಸರಿಪಡಿಸಲು ತಡೆಬೇಲಿ ಹಾರಿ ಹೋಗಿ ಸತ್ತ. ನಮ್ಮಲ್ಲಾಗಿದ್ದರೆ ‘ಅವನದೇ ಅಜಾಗರೂಕತೆ’ ಎಂದು ಕಡತ ಮುಚ್ಚುತ್ತಿದ್ದರೋ ಏನೋ. ಓನೀಲ್ ಅಧಿಕಾರಿಗಳನ್ನು ಕೂರಿಸಿಕೊಂಡು ಇದು ನಮ್ಮ ತಪ್ಪು, ನಾವೇ ಕೊಂದಿದ್ದೇವೆ ಎಂದರು. ಉತ್ಪಾದನೆ ನಿಲ್ಲಬಾರದೆಂಬ ಅವಸರವನ್ನು ಅವನಲ್ಲಿ ಹುಟ್ಟಿಸಿದವರು ಯಾರು ಎಂಬುದು ಅವರ ಪ್ರಶ್ನೆ. ಕಾರ್ಮಿಕರಿಗೆ ತಮ್ಮ ಮನೆಯ ಫೋನ್ ನಂಬರನ್ನೇ ಕೊಟ್ಟರು, ಮೇಲಿನವರು ಕೇಳದಿದ್ದರೆ ನನಗೆ ಹೇಳಿ ಎಂದು. ಮುಂದಿನ ವರ್ಷಗಳಲ್ಲಿ ಗಾಯದ ಪ್ರಮಾಣ ಇಳಿಯಿತು, ಲಾಭ ಏರಿತು. ಲಾಭ ಏರದಿದ್ದರೂ ಅವರು ಮಾಡಿದ್ದು ಸರಿಯೇ ಎಂದು ನನ್ನ ಅಭಿಪ್ರಾಯ.

ನಮ್ಮ ನಾಡಿನ ಕತೆಗೂ ದೂರ ಹೋಗಬೇಕಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದೊಳಗೆ ಕೂತು ಅದನ್ನು ಗಟ್ಟಿಯಾಗಿಸುತ್ತದೆ. ಸಿಲಿಕೋಸಿಸ್ ಎಂದು ಹೆಸರು. ಒಮ್ಮೆ ಬಂದರೆ ವಾಸಿಯಿಲ್ಲ. 1940ರ ದಶಕದಲ್ಲಿ ಅಲ್ಲಿನ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಮಂದಿಗೆ ಈ ಕಾಯಿಲೆ ಇತ್ತು. 2001ರಲ್ಲಿ ಗಣಿ ಮುಚ್ಚಿತು. ಈ ರೋಗಕ್ಕೆ ಇರುವ ಉಪಾಯ ಧೂಳನ್ನೇ ಏಳಗೊಡದಿರುವುದು. ಕೊರೆಯುವಾಗ ನೀರು ಹಾಯಿಸುವುದು, ಗಾಳಿಯಾಡುವಂತೆ ಮಾಡುವುದು. ಗಣಿಯಾಳು ಬೆಳಿಗ್ಗೆ ಎದ್ದು ಎಷ್ಟು ಪ್ರಾಣಾಯಾಮ ಮಾಡಿದರೂ ಧೂಳು ಧೂಳೇ ತಾನೆ?

ಕಾನೂನು ಮಾಡಿದವರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. 1948ರ ಕಾರ್ಖಾನೆ ಕಾಯಿದೆಯಲ್ಲಿ ಕುಡಿಯುವ ನೀರು, ಶೌಚಾಲಯ, ಗಾಳಿ ಬೆಳಕು, ದೊಡ್ಡ ಕಾರ್ಖಾನೆಗಳಿಗೆ ಕ್ಯಾಂಟೀನು, ಹೆಂಗಸರು ಹೆಚ್ಚಿದ್ದಲ್ಲಿ ಮಕ್ಕಳ ಪಾಲನಾ ಕೊಠಡಿ ಎಲ್ಲವೂ ಇದ್ದವು. ನಿಂತು ಕೆಲಸ ಮಾಡುವವರಿಗೆ ಸಮಯ ಸಿಕ್ಕಾಗ ಕೂರಲು ಆಸನ ಇರಬೇಕೆಂದೂ ಅದರಲ್ಲಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಉದ್ಯೋಗ ಸುರಕ್ಷತೆ ಮತ್ತು ಆರೋಗ್ಯದ ಹೊಸ ಸಂಹಿತೆ ಬಂದಿದೆ. ನೌಕರನಿಗೆ ನೇಮಕಾತಿ ಪತ್ರ ಕೊಡಲೇಬೇಕೆಂಬುದು ಅದರ ಅಂಶಗಳಲ್ಲಿ ಒಂದು. ಹೊಸದಾಗಿ ಕೆಲಸಕ್ಕೆ ಸೇರುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಆದರೆ ಕಾರ್ಖಾನೆಗೆ 1948ರಲ್ಲೇ ಸಿಕ್ಕ ಕುರ್ಚಿ ಅಂಗಡಿಗಳನ್ನು ತಲುಪಲು ಎಷ್ಟು ವರ್ಷ ಬೇಕಾಯಿತು ಗೊತ್ತೆ? ನೆರೆಯ ಕೇರಳದ ದೊಡ್ಡ ದೊಡ್ಡ ಬಟ್ಟೆ ಅಂಗಡಿಗಳಲ್ಲಿ ಸೀರೆ ಬಿಚ್ಚಿ ತೋರಿಸುವ ಹೆಂಗಸರು ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರಬೇಕಿತ್ತು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ, ಗೋಡೆಗೆ ಒರಗುವಂತಿಲ್ಲ. ಕೂತರೆ ಕ್ಯಾಮೆರಾದಲ್ಲಿ ನೋಡಿ ಸಂಬಳ ಕಡಿತ. ಎಷ್ಟೋ ಕಡೆ ಶೌಚಾಲಯವೂ ಇಲ್ಲ. ಅದಕ್ಕಾಗಿ ಅವರು ದಿನವಿಡೀ ನೀರು ಕುಡಿಯುವುದನ್ನೇ ಬಿಟ್ಟರು. ಕಾಲಿನ ನರ ಊದುವುದು, ಮೂತ್ರದ ಸೋಂಕು, ಬೆನ್ನುನೋವು ಎಲ್ಲರ ಪಾಲಿಗೂ ಬಂತು. ಕೋಳಿಕ್ಕೋಡಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಎಂಬ ಮಹಿಳೆ ಇಂಥವರನ್ನು ‘ಪೆಣ್‌ಕೂಟ್ಟ್’ ಎಂಬ ಸಂಘಟನೆಯಲ್ಲಿ ಒಟ್ಟುಗೂಡಿಸಿದರು. ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಟ ನಡೆಯಿತು. ಕೂರುವುದಕ್ಕೂ ಹಕ್ಕೇ ಎಂದು ನಕ್ಕವರೂ ಇದ್ದಿರಬೇಕು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯಿದೆಗೆ ತಿದ್ದುಪಡಿ ತಂದಿತು. 2021ರಲ್ಲಿ ತಮಿಳುನಾಡು ಅದೇ ಹಾದಿ ಹಿಡಿಯಿತು. ಕರ್ನಾಟಕದಲ್ಲಿ 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು.

ಒಂದು ಮರದ ಸ್ಟೂಲಿನ ಬೆಲೆ ಎಷ್ಟಿದ್ದೀತು? ಜಿಮ್ಮಿಗಿಂತ ಕಡಿಮೆಯೇ. ಬಟ್ಟೆ ಅಂಗಡಿಗೆ ಮುಂದಿನ ಸಲ ಹೋದಾಗ ಪಾಲಕರು ಸುಮ್ಮನೆ ಒಮ್ಮೆ ಕಣ್ಣು ಹಾಯಿಸಿ, ಕೌಂಟರಿನ ಆಚೆ ಸ್ಟೂಲುಗಳಿವೆಯೇ ಎಂದು.

ಇಷ್ಟು ಓದಿದ ವಿದ್ಯಾರ್ಥಿ ಕೇಳಬಹುದು: ಇದನ್ನೆಲ್ಲ ತಿಳಿದು ನಾನು ಮಾಡುವುದೇನು? ಕೆಲಸ ಸಿಗುವುದೇ ಕಷ್ಟ, ಇನ್ನು ಕುರ್ಚಿ ಆರಿಸುತ್ತ ಕೂರಲೇ? ನ್ಯಾಯವಾದ ಮಾತು. ಮನೆಯಲ್ಲಿ ಸಾಲವಿದೆ, ತಂಗಿಯ ಓದಿದೆ. ಸಿಕ್ಕ ಕೆಲಸವನ್ನು ಬಿಡು ಎಂದು ಹೇಳುವ ಅಧಿಕಾರ ಅಂಕಣ ಬರೆಯುವವರಿಗಿಲ್ಲ. ಆದರೆ ಎರಡು ಕಡೆಯಿಂದ ಕರೆ ಬಂದಾಗ ಎರಡು ಸಾವಿರ ರೂಪಾಯಿ ಹೆಚ್ಚು ಎಂಬ ಒಂದೇ ಕಾರಣಕ್ಕೆ ಆರಿಸುವ ಮೊದಲು ಕೆಲವು ವಿಷಯ ವಿಚಾರಿಸಲು ಖರ್ಚೇನೂ ಇಲ್ಲ.

ಸಂದರ್ಶನದ ಕೊನೆಗೆ ‘ನೀವೇನಾದರೂ ಕೇಳುವುದಿದೆಯೇ’ ಎನ್ನುತ್ತಾರಲ್ಲ, ಆಗ ಬಹುಪಾಲು ಹುಡುಗರು ತಲೆಯಾಡಿಸಿ ಎದ್ದುಬಿಡುತ್ತಾರೆ. ನಾನು ಸೇರುವ ವಿಭಾಗದವರು ಸಾಮಾನ್ಯವಾಗಿ ಎಷ್ಟು ಗಂಟೆಗೆ ಮನೆಗೆ ಹೋಗುತ್ತಾರೆ ಎಂದು ವಿನಯದಿಂದಲೇ ಕೇಳಬಹುದು. ಉತ್ತರಕ್ಕಿಂತ ಉತ್ತರ ಕೊಡುವವರ ಮುಖ ಹೆಚ್ಚು ಹೇಳುತ್ತದೆ. ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ನಿಮ್ಮ ಕಾಲೇಜಿನ ಹಿರಿಯರನ್ನು ಹುಡುಕಿ. ಸೌಲಭ್ಯಗಳ ಪಟ್ಟಿ ಕೇಳಬೇಡಿ, ಕಳೆದ ಸಲ ಜ್ವರ ಬಂದಾಗ ಏನಾಯಿತು ಎಂದು ಕೇಳಿ. ರಜೆ ಕೇಳಲು ಹೆದರಿದೆ ಎಂದರೆ ಜಿಮ್ಮಿನ ಬಗ್ಗೆ ವಿಚಾರಿಸುವ ಅಗತ್ಯವೇ ಇಲ್ಲ. ಆ ವಿಭಾಗದಲ್ಲಿ ಐದು ವರ್ಷ ಉಳಿದವರು ಎಷ್ಟು ಮಂದಿ ಎಂಬುದೂ ತಿಳಿಯಬೇಕಾದದ್ದೇ. ಕಾರ್ಖಾನೆ ಕೆಲಸವಾದರೆ ಪಾಳಿ ಬಿಡುವ ಹೊತ್ತಿಗೆ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಯಾವ ಪುಸ್ತಿಕೆಯೂ ಹೇಳದ ಸಂಗತಿಗಳು ತಿಳಿಯುತ್ತವೆ.

ಸಣ್ಣ ಸಂಬಳದ ಕೆಲಸಕ್ಕೆ ಸೇರುವವರು ಇ.ಎಸ್.ಐ. ಬಗ್ಗೆ ತಪ್ಪದೆ ವಿಚಾರಿಸಬೇಕು. 2017ರಲ್ಲಿ ಇದರ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ನಿಮ್ಮ ಸಂಬಳದಿಂದ ನೂರಕ್ಕೆ 75 ಪೈಸೆ ಕಡಿದರೆ, ಮಾಲೀಕರು ನೂರಕ್ಕೆ ಮೂರೂಕಾಲು ರೂಪಾಯಿ ಸೇರಿಸುತ್ತಾರೆ. ಚಿಕಿತ್ಸೆಯಷ್ಟೇ ಅಲ್ಲ, ಕಾಯಿಲೆ ಬಿದ್ದು ಮನೆಯಲ್ಲಿ ಉಳಿದಾಗ, ನಿಯಮಗಳಿಗೆ ಒಳಪಟ್ಟು, ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಸಿಗುತ್ತದೆ. ಕಡಿತವಾಗುತ್ತಿದ್ದರೂ ಕಾರ್ಡು ಪಡೆಯದೇ ಇರುವ ಹುಡುಗರಿದ್ದಾರೆ. ಮನಸ್ಸಿನ ತೊಳಲಾಟಕ್ಕೆ 14416 ಎಂಬ ಟೆಲಿ ಮಾನಸ್ ಸಂಖ್ಯೆ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆಯ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಕನ್ನಡದಲ್ಲೇ ಮಾತಾಡಬಹುದು. ಕಂಪೆನಿಯ ಆಪ್ತಸಮಾಲೋಚಕರ ಬಳಿ ಹೇಳಿದ್ದು ಮೇಲಿನವರ ಕಿವಿಗೆ ಬಿದ್ದೀತೆಂಬ ಅಳುಕಿದ್ದವರಿಗೆ ಇದು ಸುರಕ್ಷಿತ ದಾರಿ.

ಪಾಲಕರಿಗೂ ಒಂದು ಮಾತು. ಮಗ ಅಥವಾ ಮಗಳು ಕೆಲಸದ ಬಗ್ಗೆ ಗೊಣಗಿದಾಗ ‘ನಮ್ಮ ಕಾಲದಲ್ಲಿ ಇದಕ್ಕಿಂತ ಹೆಚ್ಚು ದುಡಿದಿದ್ದೇವೆ, ಹೊಂದಿಕೊಂಡು ಹೋಗು’ ಎನ್ನುವುದು ರೂಢಿ. ದುಡಿದದ್ದು ನಿಜ. ಆದರೆ ನಮ್ಮಲ್ಲಿ ಹೆಚ್ಚಿನವರ ಕಚೇರಿ ಸಂಜೆ ಬೀಗ ಹಾಕುತ್ತಿತ್ತು, ಅದು ಜೇಬಿನಲ್ಲಿ ಕೂತು ರಾತ್ರಿ ಹನ್ನೊಂದಕ್ಕೆ ಗುಣುಗುಣು ಎನ್ನುತ್ತಿರಲಿಲ್ಲ. ದಿನಾ ಫೋನ್ ಮಾಡಿ ‘ಊಟ ಆಯಿತಾ?’ ಎಂದು ಕೇಳುತ್ತೀರಿ. ಆಯಿತು ಎಂದೇ ಹೇಳುತ್ತಾರೆ. ಒಂದು ವಾರ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ, ‘ಎಷ್ಟು ಗಂಟೆಗೆ ಆಯಿತು, ಎಲ್ಲಿ ಕೂತು ಉಂಡೆ?’ ಎಂದು ಕೇಳಿ. ಏಳು ದಿನದ ಉತ್ತರವನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಿ.